ವಾಸಿಯಾದ ಕೆಚ್ಚಲು ಬಾವು ಅದೇ ಮೊಲೆಗೆ ಮತ್ತೆ ಬಂದಿದ್ದೇಕೆ?

ಪ್ರಶ್ನೆ: ನಮ್ಮ ಹಸುವಿನ ಒಂದು ಮೊಲೆಗೆ ಬಾವು ಬಂದಿತ್ತು. ಔಷಧಿ ಕೊಟ್ಟ ಎರಡನೇ ದಿನಕ್ಕೇ ಗರಣೆ ಹೋಗಿ ಹಾಲು ಬೆಳ್ಳಗಾಯಿತು ಅಂತ ನಿಲ್ಲಿಸಿದೆವು. ತಿಂಗಳೊಳಗೆ ಅದೇ ಮೊಲೆಗೆ ಮತ್ತೆ ಬಂದಿದೆ. ಔಷಧಿ ಸರಿ ಇರಲಿಲ್ವಾ?

ಉತ್ತರ: ಔಷಧಿಯನ್ನು ಬೈಯುವ ಮೊದಲು ಒಂದು ಮಾತು. ಹಾಲು ಬೆಳ್ಳಗಾಯಿತು ಅಂದರೆ ಬಾವು ಇಳಿದಿದೆ, ಅಷ್ಟೇ. ಬ್ಯಾಕ್ಟೀರಿಯಾ ಇನ್ನೂ ಒಳಗಿರಬಹುದು. ಅದಕ್ಕೇ ಪಶುವೈದ್ಯರು ಹೇಳಿದಷ್ಟು ದಿನ ಕೊಡಲೇಬೇಕು.

ಎಲ್ಲ ಬಾವೂ ಒಂದೇ ಥರ ಅಲ್ಲ. ಸಗಣಿಯಿಂದ ಬರುವ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಜೋರಾಗಿ ಕಾಡಬಹುದು. ಜ್ವರ ಬರುತ್ತದೆ, ಹಾಲು ನೀರಾಗುತ್ತದೆ, ಹಸು ಮೇವು ಬಿಡುತ್ತದೆ. ಆದರೆ ಅದು ಸಾಮಾನ್ಯವಾಗಿ ಕೆಚ್ಚಲಲ್ಲಿ ಬಹಳ ಕಾಲ ಉಳಿಯುವುದಿಲ್ಲ. ಹಠಮಾರಿ ಅಂದರೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ. ಅದೇ ಮೊಲೆಗೆ ಪದೇ ಪದೇ ಬಂದರೆ ನನ್ನ ಅನುಮಾನ ಮೊದಲು ಇದರ ಮೇಲೆ.

ಇದು ಕೆಚ್ಚಲೊಳಗೆ ಸಣ್ಣ ಸಣ್ಣ ಕೀವುಗುಳ್ಳೆ ಮಾಡಿಕೊಳ್ಳುತ್ತದೆ. ಸುತ್ತಲೂ ಗಟ್ಟಿ ಗೋಡೆ ಬೆಳೆಯುತ್ತದೆ. ಔಷಧಿ ಆ ಗೋಡೆ ದಾಟುವುದು ಕಷ್ಟ. ಸಾಲದ್ದಕ್ಕೆ, ತನ್ನನ್ನು ನುಂಗಿದ ಬಿಳಿ ರಕ್ತಕಣದೊಳಗೂ ಬದುಕಿಕೊಂಡಿರುತ್ತದೆ. ಪೊಲೀಸ್ ಠಾಣೆಯಲ್ಲೇ ಅಡಗಿ ಕೂತ ಕಳ್ಳನ ಹಾಗೆ! ಹಾಲು ಕರೆದ ಮೇಲೆ ಆ ಭಾಗವನ್ನು ಮೆಲ್ಲಗೆ ಒತ್ತಿ ನೋಡಿ. ಗಂಟು ಕೈಗೆ ಸಿಕ್ಕರೆ ರೋಗ ಹಳೆಯದು ಅನ್ನಬಹುದು.

ಹೊಸದಾಗಿಯೂ ಬಂದಿರಬಹುದು. ಕರೆದ ಮೇಲೆ ತೊಟ್ಟಿನ ತೂತು ಮುಚ್ಚಿಕೊಳ್ಳಲು ಅರ್ಧ, ಒಂದು ಗಂಟೆ ಬೇಕು. ಅಷ್ಟರಲ್ಲಿ ಹಸು ಸಗಣಿ ಮೇಲೆ ಮಲಗಿದರೆ ಮುಗೀತು. ಕರೆದ ತಕ್ಷಣ ಮೇವು ಹಾಕಿ ನಿಲ್ಲಿಸುವುದು ಇದಕ್ಕೇ.

ಈ ಸಲ ಔಷಧಿ ಶುರು ಮಾಡುವ ಮೊದಲೇ ಆ ಮೊಲೆಯ ಹಾಲನ್ನು ಪರೀಕ್ಷೆಗೆ ಕೊಡಿ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಅಂತ ಗೊತ್ತಾಗುತ್ತದೆ. ಈ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ. ಒಂದೇ ಬಟ್ಟೆಯಲ್ಲಿ ಎಲ್ಲ ಹಸುಗಳ ಕೆಚ್ಚಲು ಒರೆಸುವುದನ್ನು ನಾವು ಶುಚಿ ಅಂದುಕೊಂಡಿರುತ್ತೇವೆ ಅಲ್ವಾ? ಸ್ಟ್ಯಾಫಿಲೊಕಾಕಸ್ ಹರಡುವುದೇ ಹಾಗೆ.

ಮುಂದಿನ ಕರು ಹಾಕುವ ಮೊದಲು ಹಾಲು ಬತ್ತಿಸುವಾಗ ಮೊಲೆಗೆ ಹಾಕುವ ಟ್ಯೂಬ್ ಔಷಧಿಯ ಬಗ್ಗೆಯೂ ವೈದ್ಯರನ್ನು ಕೇಳಿ. ಆಗ ಹಾಲಿನ ಜೊತೆ ಔಷಧಿ ಹೊರಗೆ ಹೋಗುವುದಿಲ್ಲ, ವಾರಗಟ್ಟಲೆ ಒಳಗೇ ಇರುತ್ತದೆ. ವಾಸಿಯಾಗುವ ಸಾಧ್ಯತೆ ಜಾಸ್ತಿ. ಕರು ಹಾಕಿದ ಮೇಲೂ ಅಲ್ಲೇ ಗರಣೆ ಕಂಡರೆ, ಆ ಒಂದು ಮೊಲೆಯನ್ನು ಪೂರ್ತಿ ಬತ್ತಿಸಿಬಿಡುವ ದಾರಿಯೂ ಇದೆ. ಉಳಿದ ಮೂರರಲ್ಲಿ ಹಸು ಹಾಲು ಕೊಡುತ್ತದೆ.