ಹಗುರ ಕ್ಯಾಮೆರಾ, ಒದ್ದೆ ರಾತ್ರಿ

ಆಗುಂಬೆ, ಹೊಸನಗರದ ಕಡೆ ರಾತ್ರಿ ತೆಗೆದ ಚಿತ್ರ ತೋರಿಸಿ ‘ಫೋಕಸ್ ಕೈಕೊಟ್ಟಿತು’ ಎನ್ನುವವರಲ್ಲಿ ಹಲವರ ಫೋಕಸ್ ಸರಿಯಾಗಿಯೇ ಇರುತ್ತದೆ. ಮೊದಲ ಕೆಲವು ಫ್ರೇಮ್‌ಗಳಲ್ಲಿ ಚೂಪಾಗಿದ್ದ ನಕ್ಷತ್ರ ಆಮೇಲೆ ನಿಧಾನವಾಗಿ ಊದಿಕೊಂಡು, ಸುತ್ತ ಮಸುಕು ವರ್ತುಲ ಬಂದಿದೆಯೇ ನೋಡಿ. ಬಂದಿದ್ದರೆ ಅದು ಇಬ್ಬನಿಯ ಕೆಲಸ.

ಗಾಳಿ 20 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 90 ಇದ್ದಾಗ ಇಬ್ಬನಿ ಕಟ್ಟುವ ಉಷ್ಣತೆ ಸುಮಾರು 18.3 ಡಿಗ್ರಿ. ಅಂದರೆ ಗಾಜು ಎರಡು ಡಿಗ್ರಿ ತಣಿದರೆ ಸಾಕು. ತಿಳಿ ಆಕಾಶಕ್ಕೆ ಮುಖ ಮಾಡಿ ನಿಂತ ಲೆನ್ಸ್ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಡುತ್ತಾ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ, ಅಂದರೆ ನಾವು ಕಾದು ಕುಳಿತ ರಾತ್ರಿಯೇ, ಇಬ್ಬನಿಗೂ ಪ್ರಶಸ್ತ. ಶರಾವತಿ ಹಿನ್ನೀರಿನ ದಡದಲ್ಲಂತೂ ಕೇಳುವುದೇ ಬೇಡ.

ಹಾಗಾಗಿ ತೂಕ ಉಳಿಸುವುದಿದ್ದರೆ ಕ್ಯಾಮೆರಾದಲ್ಲಿ ಉಳಿಸಿ. ಎಪಿಎಸ್-ಸಿ (ಪೂರ್ಣ ಫ್ರೇಮಿಗಿಂತ ಚಿಕ್ಕ) ಸೆನ್ಸರಿನ ಸಣ್ಣ ಮಿರರ್‌ಲೆಸ್ ಬಾಡಿ, ಅಗಲ ನೋಟದ, ಹೆಚ್ಚು ಬೆಳಕು ಒಳಬಿಡುವ 12 ಮಿ.ಮೀ. ಎಫ್/2 ಲೆನ್ಸ್ ಸೇರಿ ಮುಕ್ಕಾಲು ಕಿಲೋ ಆಸುಪಾಸು. ಉಳಿದ ತೂಕವನ್ನು ಲೆನ್ಸನ್ನು ಬೆಚ್ಚಗಿಡುವ ಯುಎಸ್‌ಬಿ ಹೀಟರ್ ಪಟ್ಟಿಗೆ, ಪವರ್ ಬ್ಯಾಂಕಿಗೆ ಕೊಡಿ. ಪಟ್ಟಿಯನ್ನು ಫೋಕಸ್ ರಿಂಗಿನ ಮುಂದೆ, ಮುಂಭಾಗದ ಗಾಜಿಗೆ ಆದಷ್ಟು ಹತ್ತಿರ ಸುತ್ತಬೇಕು; ಹಿಂದೆ ಸುತ್ತಿದರೆ ಲೋಹವಷ್ಟೇ ಬಿಸಿಯಾಗುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕಿನಿಂದ ನಷ್ಟ ಕಳೆದು ಸುಮಾರು 30 ವ್ಯಾಟ್-ಅವರ್ ಸಿಗುತ್ತದೆ, 5 ವ್ಯಾಟಿನ ಪಟ್ಟಿಗೆ ಆರು ಗಂಟೆ. ಮುಖ್ಯ ವಿಷಯ, ಇಬ್ಬನಿ ಕಟ್ಟುವ ಮೊದಲೇ ಪಟ್ಟಿ ಚಾಲೂ ಮಾಡಿ. ಕಟ್ಟಿದ ಮೇಲೆ ಆರಿಸಲು ಹೊತ್ತು ಹಿಡಿಯುತ್ತದೆ. ಅಂಗಿಯ ತುದಿಯಿಂದ ಒರೆಸಿದರೆ ಗೀರು ಬೀಳುತ್ತದೆ, ಬಾಯಿಂದ ಊದಿದರೆ ಇನ್ನಷ್ಟು ತೇವ. ಯುವಿ ಫಿಲ್ಟರ್ ಬಿಚ್ಚಿಡಿ. ತೆಳು ಗಾಜು ಬೇಗ ತಣಿಯುತ್ತದೆ, ದೀಪಗಳ ಪ್ರತಿಬಿಂಬವನ್ನೂ ಚಿತ್ರಕ್ಕೆ ತರುತ್ತದೆ.

ಇನ್ನೊಂದು ಮಂಜು ನಾವೇ ತಂದುಕೊಳ್ಳುವಂಥದ್ದು. ಶಿವಮೊಗ್ಗದಿಂದ ಎಸಿ ಹಾಕಿಕೊಂಡು ಬಂದು ಆಗುಂಬೆಯಲ್ಲಿ ಬ್ಯಾಗು ತೆರೆದರೆ ತಣ್ಣನೆಯ ಗಾಜು ಕ್ಷಣದಲ್ಲಿ ಮಬ್ಬಾಗುತ್ತದೆ. ತೀರ್ಥಹಳ್ಳಿ ದಾಟುತ್ತಲೇ ಎಸಿ ಆರಿಸಿ, ಕಿಟಕಿ ಇಳಿಸಿ.

ಟ್ರೈಪಾಡ್ 1.2 ಕಿಲೋದ್ದಾದರೂ ಸಾಕು, ನಿಲ್ಲಿಸುವ ಕ್ರಮ ಗೊತ್ತಿರಬೇಕು. ಕಾಲಿನ ಅತಿ ಸಣ್ಣ ಕೊಳವೆಯನ್ನು ಎಳೆಯಬೇಡಿ, ನಡುಗಂಬ ಎತ್ತಬೇಡಿ. ಕೊಕ್ಕೆಗೆ ಬ್ಯಾಗು ತೂಗುಹಾಕುವುದಾದರೆ ಅದರ ತಳ ನೆಲಕ್ಕೆ ತಾಗಿರಲಿ. ತೂಗಾಡುವ ಬ್ಯಾಗು ಟ್ರೈಪಾಡನ್ನೇ ಅಲುಗಿಸುತ್ತದೆ. ತೋಟದ ಮೆತ್ತನೆ ಮಣ್ಣಲ್ಲಿ ಕಾಲು ಇಂಚಿಂಚೇ ಕುಸಿಯುತ್ತದೆ, ಅಡಿಗೆ ಚಪ್ಪಟೆ ಕಲ್ಲು ಕೊಡಿ. ಕ್ಯಾಮೆರಾದ ಸ್ಟೆಬಿಲೈಸರ್ ಆಫ್, ಟೈಮರ್ ಎರಡು ಸೆಕೆಂಡ್.

ಕ್ಷೀರಪಥದ ದಟ್ಟ ಭಾಗ ಮಾರ್ಚ್‌ನಲ್ಲಿ ನಸುಕಿನ ಮೂರರ ಹೊತ್ತಿಗೆ, ಮೇ ತಿಂಗಳಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಆಗ್ನೇಯದಲ್ಲಿ ಸಿಗುತ್ತದೆ. ಅಡಿಕೆ ತೋಟದೊಳಗಿಂದ ಕಾಣದು, ಗದ್ದೆ ಬಯಲೋ ಬೇಣವೋ (ಹುಲ್ಲು ಬೆಳೆವ ತೆರೆದ ಜಾಗ) ಬೇಕು. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದ್ದು. ಅಂಥ ಕಡೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಉಳಿಯುವ ಯೋಚನೆ ಬೇಡ. ಐಎಸ್ಒ (ಸೆನ್ಸರಿನ ಬೆಳಕಿನ ಸಂವೇದನೆ) 3200, ಎಫ್/2, 15 ಸೆಕೆಂಡಿನಿಂದ ಶುರುಮಾಡಿ. 500ನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ, ನಕ್ಷತ್ರ ಗೆರೆಯಾಗದಂತೆ ಎಷ್ಟು ಸೆಕೆಂಡ್ ತೆಗೆಯಬಹುದು ಎಂದು ಹೇಳುವ ಹಳೆಯ ಲೆಕ್ಕ ಈ ಲೆನ್ಸಿಗೆ (ಎಪಿಎಸ್-ಸಿಯಲ್ಲಿ 12 ಮಿ.ಮೀ. ಎಂದರೆ ಪೂರ್ಣ ಫ್ರೇಮಿನ 18ಕ್ಕೆ ಸಮ) ಸುಮಾರು 28 ಸೆಕೆಂಡ್ ಎನ್ನುತ್ತದೆ. ಈಗಿನ ಸೆನ್ಸರುಗಳಲ್ಲಿ ಅಷ್ಟು ಹೊತ್ತಿಗೆ ನಕ್ಷತ್ರ ಗೆರೆಯಾಗಿಬಿಡುತ್ತದೆ. 300ನ್ನು 18ರಿಂದ ಭಾಗಿಸಿ, ಸುಮಾರು 17 ಬರುತ್ತದೆ. ಫೋಕಸ್ಸಿಗೆ ಪ್ರಕಾಶಮಾನ ನಕ್ಷತ್ರವೊಂದನ್ನು ಪರದೆಯಲ್ಲಿ ಹಿಗ್ಗಿಸಿ, ಅತಿ ಸಣ್ಣ ಚುಕ್ಕಿಯಾಗುವವರೆಗೆ ರಿಂಗ್ ತಿರುಗಿಸಿ ಟೇಪ್ ಅಂಟಿಸಿ. ಚಳಿ ಏರಿದಂತೆ ಫೋಕಸ್ ಕೊಂಚ ಜಾರುವುದುಂಟು, ನಡುನಡುವೆ ಮತ್ತೆ ನೋಡಿಕೊಳ್ಳಿ.

ನನ್ನ ಕೇಳಿದರೆ ಮಲೆನಾಡಿಗೆ ಕ್ಷೀರಪಥಕ್ಕಿಂತ ಮಿಂಚುಹುಳವೇ ಒಪ್ಪುವ ವಿಷಯ. ಮುಂಗಾರಿಗೆ ಮುಂಚಿನ ಮಳೆ ಬಿದ್ದ ಮೇಲೆ, ಮೇ ಕೊನೆಯಿಂದ ಜೂನ್ ಮೊದಲ ದಿನಗಳವರೆಗೆ ಹೋಮ್‌ಸ್ಟೇ ಅಂಗಳದ ಅಂಚಿನಲ್ಲೇ ಸಿಗುತ್ತವೆ. ಮುಸ್ಸಂಜೆಯಲ್ಲೇ ಟ್ರೈಪಾಡ್ ನಿಲ್ಲಿಸಿ ಮರಗಳ ಒಂದು ಫ್ರೇಮ್ ತೆಗೆದಿಡಿ. ಕತ್ತಲಾದ ಮೇಲೆ, ಏನನ್ನೂ ಅಲುಗಿಸದೆ, 25 ಸೆಕೆಂಡಿನ 40-60 ಫ್ರೇಮ್ ಐಎಸ್ಒ 1600ರಲ್ಲಿ. ಮನೆಯಲ್ಲಿ ಫೋಟೊ ಸಾಫ್ಟ್‌ವೇರಿನ ‘ಲೈಟನ್’ ಮೋಡಿನಲ್ಲಿ (ಪ್ರತಿ ಜಾಗದಲ್ಲೂ ಹೆಚ್ಚು ಬೆಳಗಿದ ಚುಕ್ಕಿಯನ್ನೇ ಉಳಿಸುವ ಕ್ರಮ) ಒಂದರ ಮೇಲೊಂದು ಪೇರಿಸಿ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್ ಇರಲಿ, ಇಲ್ಲದಿದ್ದರೆ ಪ್ರತಿ ಫ್ರೇಮಿನ ನಂತರವೂ ಕ್ಯಾಮೆರಾ ಅಷ್ಟೇ ಹೊತ್ತು ಸುಮ್ಮನೆ ಕೂರುತ್ತದೆ. ಟಾರ್ಚ್ ಹಾಕಬೇಡಿ. ಆ ಮಿನುಗು ಅವು ಜೊತೆಗಾರರನ್ನು ಕರೆಯುವ ಸಂಕೇತ, ನಮ್ಮ ಬೆಳಕು ಅದನ್ನು ಕೆಡಿಸುತ್ತದೆ. ಕಾಲಿಗೆ ಇಂಬಳ (ಜಿಗಣೆ) ಹತ್ತಿದರೆ ಮಂದ ಕೆಂಪು ದೀಪದಲ್ಲೇ ನೋಡಿಕೊಳ್ಳಿ.

ಮರಳಿ ಬಂದು ಬ್ಯಾಗನ್ನು ಹಾಗೆಯೇ ಮುಚ್ಚಿಟ್ಟರೆ ಲೆನ್ಸಿನೊಳಗೆ ಫಂಗಸ್ ಬೇರು ಬಿಡುತ್ತದೆ. ಪಟ್ಟಿ, ಕವರ್, ಬ್ಯಾಗು ಎಲ್ಲವನ್ನೂ ಆರಹಾಕಿ, ಲೆನ್ಸನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಳಗಿನ ತೇವಾಂಶ ಶೇ 40ರಿಂದ 50 ಇದೆಯೇ ಎಂದು ಸಣ್ಣ ಮಾಪಕ ಇಟ್ಟು ನೋಡಿ. ಅಕ್ಕಿಯಲ್ಲಿ ಹೂತಿಡುವುದು ಬೇಡ, ಅದರ ಹಿಟ್ಟು ರಿಂಗಿನ ಸಂದಿಗೆ ಹೋಗುತ್ತದೆ. ಚರ್ಮದ ಕೇಸಿದ್ದರೆ ಮಳೆಗಾಲ ಮುಗಿಯುವವರೆಗೆ ಲೆನ್ಸನ್ನು ಅದರಿಂದ ಹೊರಗಿಡಿ.