ಆಳದ ಮೊಹೊಗೆ ಅಡ್ಡಿ 20 ಮೀಟರ್ ಕೆಮ್ಮಣ್ಣು

ಚಿಕ್ಕಮಗಳೂರಿನ ಅಡಿಯಲ್ಲಿ ಇಂದು ಯಾವ ಭೂಫಲಕದ ಅಂಚೂ ಇಲ್ಲ. ಆದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಧಾರವಾಡ ಭೂಖಂಡ ಎಂಬ ಪುರಾತನ ಗಟ್ಟಿ ನೆಲದ ಪೂರ್ವ, ಪಶ್ಚಿಮ ಭಾಗಗಳು ಚಿತ್ರದುರ್ಗದ ಆಸುಪಾಸಿನಲ್ಲಿ ಬೆಸೆದುಕೊಂಡವು ಎನ್ನುತ್ತಾರೆ ಭೂವಿಜ್ಞಾನಿಗಳು. ಆ ಹೊಲಿಗೆಯನ್ನು ಹುಡುಕಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಪೇರೂರಿನಿಂದ ಚಿಕ್ಕಮಗಳೂರಿನವರೆಗೆ, ಸುಮಾರು 200 ಕಿ.ಮೀ. ಉದ್ದಕ್ಕೆ ಕಂಪನ ಸಮೀಕ್ಷೆ ನಡೆಸಿದೆ.

ಇಂಥ ಕೆಲಸದ ರೀತಿ ಸರಳ. 20-30 ಮೀಟರ್ ಬೋರ್ ಕೊರೆದು, ಸ್ಫೋಟಕ ಇಳಿಸಿ, ಮೇಲೆ ಮಣ್ಣು ಬಿಗಿಯಾಗಿ ತುಂಬಿ ಸಿಡಿಸುತ್ತಾರೆ. ಸಾಲಾಗಿ ನೆಟ್ಟ ಜಿಯೋಫೋನ್‌ಗಳು, ಅಂದರೆ ನೆಲದ ಕಂಪನ ಹಿಡಿಯುವ ಉಪಕರಣಗಳು, ಪ್ರತಿಧ್ವನಿಯನ್ನು 20 ಸೆಕೆಂಡಿಗೂ ಹೆಚ್ಚು ಹೊತ್ತು ಆಲಿಸುತ್ತವೆ. ಭೂಮಿಯ ತೊಗಟೆ ಮುಗಿದು ಅದರ ಕೆಳಗಿನ ಮ್ಯಾಂಟಲ್ ಶುರುವಾಗುವ ಗಡಿ, ಅಂದರೆ ಮೊಹೊ, 45 ಕಿ.ಮೀ. ಆಳದಲ್ಲಿದ್ದು ಕಂಪನದ ಸರಾಸರಿ ವೇಗ ಸೆಕೆಂಡಿಗೆ 6.5 ಕಿ.ಮೀ. ಇದ್ದರೆ, ಹೋಗಿ ಬರಲು ಸುಮಾರು 13.8 ಸೆಕೆಂಡು ಬೇಕು.

ಕಷ್ಟ ಇರುವುದು ಆಳದಲ್ಲಲ್ಲ, ಕಾಲ ಕೆಳಗೇ. ಮಲೆನಾಡಿನ ಕೆಮ್ಮಣ್ಣಿನಲ್ಲಿ ಕಂಪನ ತೀರಾ ನಿಧಾನ. ವೇಗ ಸೆಕೆಂಡಿಗೆ 800 ಮೀಟರ್ ಇದ್ದರೆ 20 ಮೀಟರ್ ಮಣ್ಣು ದಾಟಲು 25 ಮಿಲಿಸೆಕೆಂಡು. ಅಷ್ಟೇ ದಪ್ಪದ ಗಟ್ಟಿ ಬಂಡೆಗೆ ನಾಲ್ಕೂ ಬೇಡ. 20 ಹರ್ಟ್ಝ್ ಅಲೆಯ ಒಂದು ಸುತ್ತು 50 ಮಿಲಿಸೆಕೆಂಡು. ಒಂದು ಜಿಯೋಫೋನ್ ಹಾಸುಬಂಡೆಯ ಮೇಲೆ, ಪಕ್ಕದ್ದು ಕೆಮ್ಮಣ್ಣಿನಲ್ಲಿ ಕೂತರೆ ಒಂದರ ಏರು ಇನ್ನೊಂದರ ಇಳಿವಿನ ಮೇಲೆ ಬಿದ್ದು, ಒಟ್ಟುಗೂಡಿಸುವಾಗ ಎರಡೂ ಅಳಿಸಿಹೋಗುತ್ತವೆ. ಇದನ್ನು ಸರಿಪಡಿಸದೆ ಮುಂದೆ ಹೋದವರಿಗೆ ಮೊಹೊ ಕಾಣುವುದಿಲ್ಲ. ಮೊದಲು ಬಂದು ತಲುಪುವ ಅಲೆಗಳ ಸಮಯ ನೋಡಿ ಮಣ್ಣಿನ ದಪ್ಪ ಅಂದಾಜಿಸಿ, ಪ್ರತಿ ಜಿಯೋಫೋನಿನ ಲೆಕ್ಕದಿಂದ ಅದನ್ನು ಕಳೆಯಬೇಕು.

ಇನ್ನು ಸದ್ದು: ಪಂಪ್‌ಸೆಟ್, ಲಾರಿ, ಗಾಳಿಗೆ ಬೇರು ಅಲುಗಿಸುವ ಸಿಲ್ವರ್ ಮರ. ನೆಲದಾಳದ ಒಂದೇ ಬಿಂದುವಿನ 50 ದಾಖಲೆ ಸೇರಿಸಿದರೆ ಸದ್ದಿಗೆ ಹೋಲಿಸಿ ಸಂಕೇತದ ಬಲ ಸುಮಾರು ಏಳು ಪಟ್ಟು ಹೆಚ್ಚುತ್ತದೆ. ಜಿಯೋಫೋನ್ ಸಾಲು ಘಟ್ಟದ ತಿರುವಿನ ರಸ್ತೆ ಹಿಡಿದರೆ ಮಾತ್ರ ಆ 'ಒಂದೇ ಬಿಂದು' ಅತ್ತಿತ್ತ ಚದುರುತ್ತದೆ.

ವಾಲಿದ ಪದರದ್ದು ಇನ್ನೊಂದು ಮೋಸ. ಪ್ರತಿಧ್ವನಿ 20 ಕಿ.ಮೀ. ದೂರದಿಂದ ಬಂದು, ಪದರ 30 ಡಿಗ್ರಿ ವಾಲಿದ್ದರೆ, ಕಚ್ಚಾ ಚಿತ್ರದಲ್ಲಿ ಅದು ಜಿಯೋಫೋನಿನ ನೇರ ಕೆಳಗೆ ಕೂರುತ್ತದೆ. ನಿಜವಾದ ಜಾಗ 10 ಕಿ.ಮೀ. ಪಕ್ಕಕ್ಕೆ.

ಇಷ್ಟೆಲ್ಲ ತಿದ್ದಿದ ಮೇಲೆ ಕಂಡ ಓರೆ ಪದರಗಳನ್ನೇ ಸಂಶೋಧಕರು ಹಳೆಯ ಫಲಕ ಕೆಳಗಿಳಿದ ಗುರುತು ಎಂದು ಓದಿದ್ದಾರೆ. ಓರೆ ಗೆರೆಯೊಂದೇ ಸಾಕ್ಷಿಯಲ್ಲ. ಬಂಡೆ ಜರುಗಿದ ವಲಯವೂ ಹಾಗೇ ಹೊಳೆಯುತ್ತದೆ. ಅದಕ್ಕೇ ದೂರದ ಸ್ಫೋಟಗಳಿಂದ ವೇಗವನ್ನು ಬೇರೆಯಾಗಿ ಅಳೆದು, ಪಶ್ಚಿಮದ ತೊಗಟೆ ಪೂರ್ವದ್ದಕ್ಕಿಂತ ದಪ್ಪ ಎಂಬುದರ ಜೊತೆ ಹೊಂದಿಸಿ ನೋಡುತ್ತಾರೆ.