ಗೋಡೆಗೆ ಮಡಚುವ ಟೇಬಲ್: ಭಾರ ಹೊರುವುದು ಯಾರು?

ಓದುಗರ ಪ್ರಶ್ನೆ: ನಮ್ಮದು ಚಿಕ್ಕ ಕೋಣೆ. ಬೇಕಾದಾಗ ಇಳಿಸಿಕೊಂಡು, ಬೇಡವಾದಾಗ ಗೋಡೆಗೆ ಮಡಚಿಡುವ ಟೇಬಲ್ ಒಂದನ್ನು ನಾನೇ ಮಾಡಬೇಕು ಅಂತಿದ್ದೇನೆ. ಕೆಳಗೆ ಕಾಲು ಇಲ್ಲದಿದ್ದರೂ ಗೋಡೆ ತಡೆಯುತ್ತಾ? ಯಾರಾದರೂ ಮೇಲೆ ಒರಗಿದರೆ ಕಿತ್ತು ಬರಲ್ವಾ?

ಉತ್ತರ: ಗಟ್ಟಿ ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆ ಆದರೆ ಕಾಲಿಲ್ಲದೆಯೂ ತಡೆಯುತ್ತದೆ. ಆದರೂ ದಿನಾ ಕೂತು ಊಟ ಮಾಡುವ, ಓದುವ, ಬರೆಯುವ ಟೇಬಲ್ ಆದರೆ ನೆಲಕ್ಕೆ ಕಾಲು ಕೊಡಿ ಅಂತಲೇ ನಾನು ಹೇಳುವುದು. ಯಾಕೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ನಾನು ಮೊದಲ ಸಲ ಮಾಡಿದ ಮಡಚು ಟೇಬಲ್‌ಗೆ ಕಾಲು ಇರಲಿಲ್ಲ. ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ, ಹಲಗೆಗೆ ಕೆಳಗಿನಿಂದ ಆಸರೆ ಕೊಡುವ ಎರಡು ಬ್ರಾಕೆಟ್ ಮೇಲೆ ಚೆನ್ನಾಗಿಯೇ ನಿಂತಿತ್ತು. ಕೆಲವು ವಾರ ಕಳೆದ ಮೇಲೆ ಗೋಡೆಯ ಬುಡದಲ್ಲಿ ಒಂದು ಚಿಟಿಕೆಯಷ್ಟು ಬಿಳಿ ಪುಡಿ ಕಂಡಿತು. ಗುಡಿಸಿದೆ. ಮರುದಿನ ಮತ್ತೆ ಅಷ್ಟೇ ಪುಡಿ. ಬಗ್ಗಿ ನೋಡಿದರೆ, ಬ್ರಾಕೆಟ್‌ನ ಮೇಲಿನ ತುದಿ ಗೋಡೆಯಿಂದ ಒಂದು ಕೂದಲೆಳೆಯಷ್ಟು ಈಚೆ ಬಂದಿತ್ತು. ಕೆಳಗಿನ ತುದಿ ಮಾತ್ರ ಗೋಡೆಯನ್ನು ಒತ್ತಿಕೊಂಡೇ ಇತ್ತು. ಮೇಲಿನ ಸ್ಕ್ರೂ ಹಿಡಿದಿದ್ದು ಗಿಲಾವನ್ನು, ಇಟ್ಟಿಗೆಯನ್ನಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಮೇಲಿನ ಸ್ಕ್ರೂನಲ್ಲೇ.

ಬಾಗಿಲನ್ನು ಕೀಲಿನ ಹತ್ತಿರ ತಳ್ಳಿದರೆ ಕಷ್ಟ, ಹಿಡಿಯ ಹತ್ತಿರ ತಳ್ಳಿದರೆ ಸುಲಭ, ಅಲ್ವಾ? ಟೇಬಲ್‌ನಲ್ಲೂ ಅದೇ ಲೆಕ್ಕ. ಗೋಡೆಯಿಂದ 50 ಸೆಂ.ಮೀ. ಈಚೆಗೆ ಯಾರೋ ಎರಡೂ ಕೈ ಊರಿ ಏಳುತ್ತಾರೆ. 40 ಕಿಲೋ ಭಾರ ಬಿತ್ತು ಅಂದುಕೊಳ್ಳಿ. ಬ್ರಾಕೆಟ್‌ನ ಎತ್ತರ 25 ಸೆಂ.ಮೀ. ಇದ್ದರೆ, ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ 40 ಗುಣಿಸು 50, ಭಾಗಿಸು 25. ಅಂದರೆ 80 ಕಿಲೋ. ಹಾಕಿದ್ದರ ಎರಡರಷ್ಟು! ಅದೇ ಬ್ರಾಕೆಟ್ 50 ಸೆಂ.ಮೀ. ಎತ್ತರ ಇದ್ದರೆ ಎಳೆತ 40 ಕಿಲೋಗೆ ಇಳಿಯುತ್ತದೆ. ಸ್ಕ್ರೂ ಕೆಳಮುಖದ ಭಾರವನ್ನು ಚೆನ್ನಾಗಿ ತಡೆಯುತ್ತದೆ. ಅದನ್ನು ಸೋಲಿಸುವುದು ಈ ಹೊರಮುಖದ ಎಳೆತ. ಅದಕ್ಕೇ ಕಾಲಿಲ್ಲದ ಟೇಬಲ್ ಮಾಡುವವರು ಉದ್ದ ಸ್ಕ್ರೂ ಹುಡುಕುವ ಮೊದಲು ಎತ್ತರದ ಬ್ರಾಕೆಟ್ ಹುಡುಕಬೇಕು.

ಕಾಲು ಕೊಟ್ಟ ತಕ್ಷಣ ಈ ಲೆಕ್ಕವೇ ಬದಲಾಗುತ್ತದೆ. ಮುಂದಿನ ಅಂಚಿನಲ್ಲಿ ಬಿದ್ದ ಭಾರ ಹೆಚ್ಚುಕಡಿಮೆ ಪೂರ್ತಿ ಕಾಲಿಗೆ ಹೋಗುತ್ತದೆ. ನಡುವೆ ಬಿದ್ದದ್ದು ಅರ್ಧ ಕಾಲಿಗೆ, ಅರ್ಧ ಗೋಡೆಗೆ. ಗೋಡೆಗೆ ಬರುವುದೂ ಬರೀ ಕೆಳಮುಖದ ಭಾರ. ಕಿತ್ತು ಬರುವ ಭಯ ಅಲ್ಲಿಗೆ ಮುಗಿಯಿತು.

ಇನ್ನು ಯಾವ ಕಡೆಗೆ ಮಡಚಬೇಕು ಅನ್ನುವುದು. ಎರಡು ದಾರಿ ಇದೆ. ಹಲಗೆ ಕೆಳಕ್ಕೆ ಜೋತುಬೀಳುವುದು ಒಂದು, ಮೇಲಕ್ಕೆ ಎದ್ದು ಗೋಡೆಗೆ ಅಂಟಿ ನಿಲ್ಲುವುದು ಇನ್ನೊಂದು. ನೋಡಲು ಬರೀ ದಿಕ್ಕಿನ ವ್ಯತ್ಯಾಸ ಅನ್ನಿಸುತ್ತದೆ. ಕೆಲಸಕ್ಕೆ ಕೂತರೆ ಎರಡೂ ಬೇರೆ ಬೇರೆ ಟೇಬಲ್.

ಕೆಳಕ್ಕೆ ಜೋತುಬೀಳುವ ಹಲಗೆಗೆ ಕಾಲು ಕೂಡಿಸುವುದು ಕಷ್ಟ. ಕಾಲಿನ ಉದ್ದ ಸುಮಾರು 72 ಸೆಂ.ಮೀ. ಹಲಗೆಯ ಅಗಲ 60 ಸೆಂ.ಮೀ. ಮಡಚಿದಾಗ ಕಾಲು ಹಲಗೆಯ ಹಿಂದೆ, ಗೋಡೆಯ ಕಡೆ ಮಲಗಬೇಕು, ಆದರೆ ಹಲಗೆಗಿಂತ ಕಾಲೇ ಉದ್ದ! ಹಾಗಾಗಿ ಇದಕ್ಕೆ ಸರಿಹೋಗುವುದು ಗೋಡೆಗೆ ಕೀಲು ಹಾಕಿದ, ಗೇಟಿನ ಹಾಗೆ ಹೊರಕ್ಕೆ ತಿರುಗುವ ಬ್ರಾಕೆಟ್. ಅದರ ತೋಳು ಹಲಗೆಯ ಅಗಲದ ಮೂರರಲ್ಲಿ ಎರಡು ಭಾಗವಾದರೂ ಇರಲಿ. 60 ಸೆಂ.ಮೀ. ಹಲಗೆಗೆ 40. ಎರಡು ಬ್ರಾಕೆಟ್ ಒಳಮುಖವಾಗಿ ಮಡಚಿಕೊಳ್ಳುತ್ತವೆ ಅಂದರೆ 40 ಮತ್ತು 40, ಒಟ್ಟು 80 ಸೆಂ.ಮೀ. ಜಾಗ ಬೇಕು. ಹಲಗೆಯ ಉದ್ದ 90 ಇದ್ದರೆ ಸರಿಯಾಗಿ ಕೂರುತ್ತದೆ. ಬಟ್ಟೆ ಮಡಚಲು, ಲ್ಯಾಪ್‌ಟಾಪ್ ಇಡಲು, ಗಟ್ಟಿ ಗೋಡೆ ಇದ್ದವರಿಗೆ ಇದು ಸಾಕು. ಸುಲಭವೂ ಹೌದು.

ನನಗೆ ಇಷ್ಟವಾದದ್ದು ಎರಡನೆಯದು, ಮೇಲಕ್ಕೆ ಮಡಚುವುದು. ಇದರಲ್ಲಿ ಕಾಲು ಹಲಗೆಯ ಹೊರಮೈ ಮೇಲೆ ಬರುತ್ತದೆ. ಗೋಡೆ ಅಡ್ಡ ಬರುವುದೇ ಇಲ್ಲ. ಹಲಗೆಯ ಮುಂದಿನ ಅಂಚಿನಿಂದ 5 ಸೆಂ.ಮೀ. ಒಳಗೆ ಕಾಲಿನ ಕೀಲು ಹಾಕಿ, ಹಲಗೆಯನ್ನು ನಿಧಾನಕ್ಕೆ ಎತ್ತಿ ನೋಡಿ. ಕಾಲು ತನ್ನಷ್ಟಕ್ಕೆ ನೇರ ಕೆಳಗೆ ತೂಗುತ್ತಾ ಬರುತ್ತದೆ. ಹಲಗೆ ಪೂರ್ತಿ ಎದ್ದು ನಿಂತಾಗ ಕಾಲು ಅದರ ಮೈಗೆ ಒರಗಿಕೊಳ್ಳುತ್ತದೆ. ಇಳಿಸುವಾಗಲೂ ಅಷ್ಟೇ, ಕೈಹಾಕದೆಯೇ ಕಾಲು ನೆಲ ಮುಟ್ಟುತ್ತದೆ. ಮಡಚಿದಾಗ ಅದು ಹಲಗೆಯ ಕೆಳಗಿನ ಅಂಚಿಗಿಂತ ಸುಮಾರು 17 ಸೆಂ.ಮೀ. ಕೆಳಗೆ ಇಣುಕುತ್ತದೆ. ಎರಡು ಕಾಲನ್ನು ಮೇಲೆ ಕೆಳಗೆ ಅಡ್ಡಪಟ್ಟಿಯಿಂದ ಕೂಡಿಸಿದರೆ ಅದೇ ಒಂದು ಚೌಕಟ್ಟಿನ ಹಾಗೆ ಕಾಣುತ್ತದೆ, ನಡುವೆ ಚಿತ್ರವೋ ಕಪ್ಪುಹಲಗೆಯೋ ಇರಲಿ.

ಒಂದು ಎಚ್ಚರಿಕೆ. ಸುಮ್ನೆ ತೂಗುವ ಕಾಲನ್ನು ಹಾಗೇ ಬಿಡಬೇಡಿ. ಮೊಣಕಾಲು ತಾಗಿದರೆ ಅದು ಗೋಡೆಯ ಕಡೆ ಮಡಚಿಕೊಳ್ಳುತ್ತದೆ, ಟೇಬಲ್ ಕುಸಿಯುತ್ತದೆ. ಕಾಲಿನ ಪಾದ ಮೂರು ನಾಲ್ಕು ಡಿಗ್ರಿಯಷ್ಟು ಹೊರಕ್ಕೆ, ಅಂದರೆ ಕೂತವರ ಕಡೆಗೆ ಚಾಚಿರಲಿ. ಅದಕ್ಕಿಂತ ಆಚೆ ಹೋಗದ ಹಾಗೆ ಹಲಗೆಯ ಅಡಿಗೆ ಒಂದು ಮರದ ತುಂಡು ಹೊಡೆಯಿರಿ. ಆಗ ಭಾರ ಬಿದ್ದಷ್ಟೂ ಕಾಲು ಆ ತುಂಡನ್ನು ಒತ್ತಿ ಬಿಗಿಯಾಗುತ್ತದೆ. ಜೊತೆಗೆ ಒಂದು ಚಿಕ್ಕ ಕೊಂಡಿಯನ್ನೂ ಹಾಕಿ. ನೆಲ ಯಾವತ್ತೂ ಪೂರ್ತಿ ಸಮ ಇರುವುದಿಲ್ಲ, ಆದ್ದರಿಂದ ಪಾದಕ್ಕೆ ತಿರುಗಿಸಿ ಎತ್ತರ ಹೊಂದಿಸುವ ಬುಷ್ ಇರಲಿ.

ಇನ್ನು ಹಲಗೆ ಗೋಡೆಯನ್ನು ಸೇರುವ ಜಾಗ. ಜಾಸ್ತಿ ಜನ ಇಲ್ಲೇ ತಪ್ಪುವುದು. ಭಾರವನ್ನು ಕೀಲಿಗೆ ಹೊರಿಸಿಬಿಡುತ್ತಾರೆ. ಕೀಲು ಇರುವುದು ತಿರುಗಲು, ಹೊರಲು ಅಲ್ಲ. ಗೋಡೆಗೆ ಮೊದಲು ಒಂದು ಕಿರಿದಾದ ಹಲಗೆಯನ್ನು ಗೂಡಿನ ಹಲಗೆಯ ಹಾಗೆ ಅಡ್ಡಕ್ಕೆ, ಗಟ್ಟಿಯಾಗಿ ಕೂರಿಸಿ. ಇದನ್ನು ತಟ್ಟು ಅನ್ನೋಣ. ಅದರ ಮುಂದಿನ ಅಂಚಿಗೆ ಟೇಬಲ್ ಹಲಗೆಯ ಹಿಂದಿನ ಅಂಚು ತಾಗಿ ನಿಲ್ಲಲಿ. ಪಿಯಾನೋ ಹಿಂಜ್ ಅಂತ ಸಿಗುತ್ತದೆ, ಉದ್ದಕ್ಕೂ ಒಂದೇ ಕೀಲು. ಅದನ್ನು ಎರಡರ ಮೇಲ್ಮೈಗೆ ಹಾಕಿ. ಆಮೇಲೆ ತಟ್ಟಿನ ಅಡಿಗೆ, ಮುಂದಕ್ಕೆ 3 ಸೆಂ.ಮೀ. ಚಾಚುವ ಹಾಗೆ ಒಂದು ದಪ್ಪ ಮರದ ಪಟ್ಟಿ (ರೀಪರ್) ಕೂರಿಸಿ. ಟೇಬಲ್ ಇಳಿಸಿದಾಗ ಹಲಗೆ ತುಟಿಯ ಹಾಗೆ ಚಾಚಿದ ಆ ಪಟ್ಟಿಯ ಮೇಲೆ ಕೂರುತ್ತದೆ. ಎತ್ತಿದಾಗ ಅದರಿಂದ ಬಿಟ್ಟು ಮೇಲೇಳುತ್ತದೆ. ಹೀಗೆ ಮಾಡಿದರೆ ಕೀಲಿನ ಚಿಕ್ಕ ಸ್ಕ್ರೂಗಳ ಮೇಲೆ ಭಾರವೇ ಬೀಳುವುದಿಲ್ಲ. ಕೆಳಕ್ಕೆ ಜೋತುಬೀಳುವ ಟೇಬಲ್‌ಗೆ ಈ ಉಪಾಯ ನಡೆಯದು, ತುಟಿ ಹಲಗೆಗೆ ಅಡ್ಡ ಬರುತ್ತದೆ.

ಹಲಗೆಗೆ 18 ಮಿ.ಮೀ. ಪ್ಲೈವುಡ್ ಸಾಕು. 90ಕ್ಕೆ 60 ಸೆಂ.ಮೀ. ಹಲಗೆ ಆರು, ಆರೂವರೆ ಕಿಲೋ ತೂಗುತ್ತದೆ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಆದರೆ ಏಳಕ್ಕಿಂತ ಜಾಸ್ತಿ. ಮರದ ಚೂರುಗಳನ್ನು ಅಂಟಿಸಿ ಮಾಡಿದ ಪಾರ್ಟಿಕಲ್ ಬೋರ್ಡ್ ಬೇಡ. ದಿನಕ್ಕೆ ನಾಲ್ಕು ಸಲ ಮಡಚಿ ಬಿಚ್ಚುವ ಕಡೆ ಅದರಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಕೀಲಿನ ಸ್ಕ್ರೂ 16 ಮಿ.ಮೀ. ಮೀರದಿರಲಿ, ಮೀರಿದರೆ ಆಚೆ ಮೈಯಲ್ಲಿ ಮೊನೆ ಏಳುತ್ತದೆ.

ಅಳತೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಟೇಬಲ್ ಎತ್ತರ 74 ಸೆಂ.ಮೀ. ಆಸುಪಾಸು, ಕುರ್ಚಿ 45. ನಡುವೆ 28, 30 ಸೆಂ.ಮೀ. ಅಂತರ ಇದ್ದರೆ ತೊಡೆಗೂ ಜಾಗ, ಭುಜಕ್ಕೂ ಆರಾಮ. ಒಬ್ಬರಿಗೆ 60 ಸೆಂ.ಮೀ. ಉದ್ದ, ತಟ್ಟೆಗೆ 40 ಸೆಂ.ಮೀ. ಅಗಲ. ಕೂತವರ ಹಿಂದೆ ಕುರ್ಚಿ ಸರಿಸಿ ಏಳಲು 75ರಿಂದ 90 ಸೆಂ.ಮೀ. ಖಾಲಿ ಜಾಗ ಬೇಕು. ಜಾಗ ಉಳಿಸಲು ಹೊರಟವರು ಮರೆಯುವುದು ಇದನ್ನೇ. ಮರ ಕತ್ತರಿಸುವ ಮೊದಲು ಅದೇ ಅಳತೆಯ ರಟ್ಟನ್ನು ಗೋಡೆಗೆ ಅಂಟಿಸಿ, ನೆಲದ ಮೇಲೆ ಟೇಪ್ ಹಾಕಿ, ಎರಡು ದಿನ ಅದರ ಸುತ್ತ ಓಡಾಡಿ. ಬಾಗಿಲು ತೆರೆಯುತ್ತಾ, ಸ್ವಿಚ್ ಕೈಗೆ ಸಿಗುತ್ತಾ ಅಂತ ಅಲ್ಲೇ ಗೊತ್ತಾಗುತ್ತದೆ.

ಗೋಡೆಯೊಳಗೇ ಗೂಡು ಕೊರೆದು ಟೇಬಲ್ ಹುದುಗಿಸಿಡಬಹುದಾ ಅಂತಲೂ ಹಲವರು ಕೇಳುತ್ತಾರೆ. ಮನೆಯ ಭಾರ ಹೊತ್ತ ಗೋಡೆಯನ್ನು ಕೊರೆಯಲೇಬೇಡಿ. ಅರ್ಧ ಇಟ್ಟಿಗೆಯ ತೆಳು ಗೋಡೆ ಸುಮಾರು 10 ಸೆಂ.ಮೀ. ಮಾತ್ರ ದಪ್ಪ, ಅದರಲ್ಲಿ ಕೊರೆಯಲು ಏನೂ ಇಲ್ಲ. ಮರದ ಕಂಬಗಳ ಮೇಲೆ ಜಿಪ್ಸಮ್ ಬೋರ್ಡ್ ಹೊಡೆದ ಒಳಗೋಡೆಯಾದರೆ ಸಾಧ್ಯವಿದೆ. ಕಂಬಗಳು ಸಾಮಾನ್ಯವಾಗಿ 40 ಅಥವಾ 60 ಸೆಂ.ಮೀ.ಗೆ ಒಂದರಂತೆ ಇರುತ್ತವೆ, ನಡುವೆ ಸುಮಾರು 9 ಸೆಂ.ಮೀ. ಆಳ ಸಿಗುತ್ತದೆ. ಆದರೆ ಎರಡು ಕಂಬದ ನಡುವಿನ ಅಗಲಕ್ಕೇ ಟೇಬಲ್ ಸೀಮಿತ. ಅದಕ್ಕಿಂತ ಗೋಡೆಯಿಂದ ಈಚೆಗೆ 10, 12 ಸೆಂ.ಮೀ. ಆಳದ ತೆಳು ಪೆಟ್ಟಿಗೆ ಕಟ್ಟಿ, ಹಲಗೆಯನ್ನೇ ಅದರ ಬಾಗಿಲು ಮಾಡುವುದು ಜಾಣತನ. ಪೆಟ್ಟಿಗೆಯ ತಳವೇ ನಾನು ಮೇಲೆ ಹೇಳಿದ ತಟ್ಟು.

ಈ ಪೆಟ್ಟಿಗೆ ಬಗ್ಗೆ ನನಗೆ ವಿಶೇಷ ಪ್ರೀತಿ, ಕಾರಣವಿದೆ. ಮಡಚು ಟೇಬಲ್ ಮಾಡಿಸಿಕೊಂಡ ಮನೆಗಳಲ್ಲಿ ಟೇಬಲ್ ಮಡಚದೇ ಉಳಿದದ್ದನ್ನು ನಾನು ನೋಡಿದ್ದೇನೆ. ಕೀಲು ಕೆಟ್ಟು ಅಲ್ಲ. ಮೇಲಿದ್ದ ಪುಸ್ತಕ, ಪೆನ್ನು, ಚಾರ್ಜರ್, ಕನ್ನಡಕ ಇವುಗಳನ್ನು ಎಲ್ಲಿಡುವುದು ಅಂತ ತಿಳಿಯದೆ. ಪೆಟ್ಟಿಗೆಯೊಳಗೆ ಎರಡು ತೆಳು ತಟ್ಟು ಇದ್ದರೆ ಅವೆಲ್ಲ ಕೈಯಳತೆಯಲ್ಲೇ ಒಳಗೆ ಹೋಗುತ್ತವೆ. ಟೇಬಲ್ ಮೇಲೇಳುತ್ತದೆ.

1926ರಲ್ಲಿ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ ಲಿಹೋಟ್‌ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಹೊಸ ವಸತಿಗಳಿಗೆ ಒಂದು ಅಡುಗೆಮನೆ ರೂಪಿಸಿದರು. ಅಗಲ ಬರೀ 1.9 ಮೀಟರ್, ಉದ್ದ 3.4 ಮೀಟರ್ ಅಷ್ಟೇ. ಅದರಲ್ಲಿ ಗೋಡೆಗೆ ಮಡಚುವ ಇಸ್ತ್ರಿ ಹಲಗೆ ಇತ್ತು. ಜೊತೆಗೇ ಪ್ರತಿ ಸಾಮಾನಿಗೂ ಅಳೆದು ಕೊಟ್ಟ ಗೂಡು, ಡಬ್ಬಿ, ಖಾನೆ. ಹಲಗೆ ಮಡಚಿದಾಗ ಉಳಿದದ್ದು ಎಲ್ಲಿಗೆ ಹೋಗಬೇಕು ಅಂತ ಅವರು ಮೊದಲೇ ಯೋಚಿಸಿದ್ದರು.

ಈಗ ಗೋಡೆಗೆ ತೂತು ಹಾಕುವ ಕೆಲಸ. ಮೊದಲು ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಜಿಪ್ಸಮ್ ಬೋರ್ಡ್ ಇರಬಹುದು, ಅಥವಾ ಗಿಲಾವು ಬಿಟ್ಟಿರಬಹುದು. ಡ್ರಿಲ್ ಹಾಕಿದಾಗ ಬರುವ ಪುಡಿಯನ್ನು ನೋಡಿ. ಮೊದಲು ಬೂದಿ ಬಣ್ಣ ಅಥವಾ ಬಿಳಿ, ಅದು ಗಿಲಾವು. ಆಮೇಲೆ ಕೆಂಪು ಬಂದರೆ ಇಟ್ಟಿಗೆ ಸಿಕ್ಕಿತು. ಕೆಂಪು ಬರಲೇ ಇಲ್ಲ, ಡ್ರಿಲ್ ಸಲೀಸಾಗಿ ಒಳಗೆ ಹೋಯಿತು ಅಂದರೆ ನೀವು ಎರಡು ಇಟ್ಟಿಗೆಯ ನಡುವಿನ ಗಾರೆಯಲ್ಲಿದ್ದೀರಿ, ಜಾಗ ಬದಲಿಸಿ. ಗಿಲಾವಿನ ದಪ್ಪ ಲೆಕ್ಕಕ್ಕಿಲ್ಲ. ಅದನ್ನು ಬಿಟ್ಟು ಇಟ್ಟಿಗೆಯೊಳಗೆ 50, 60 ಮಿ.ಮೀ. ಪ್ಲಗ್, ಅಂದರೆ ಸ್ಕ್ರೂ ಹಿಡಿದುಕೊಳ್ಳಲು ತೂತಿನೊಳಗೆ ಹಾಕುವ ಕೊಳವೆ, ಇಳಿಯಬೇಕು. ಟೊಳ್ಳು ಬ್ಲಾಕ್ ಮತ್ತು ಹಗುರ ಬ್ಲಾಕ್ ಗೋಡೆಗಳಿಗೆ ಅವಕ್ಕೆಂದೇ ಮಾಡಿದ ಪ್ಲಗ್ ಬೇರೆ ಇದೆ, ಮಾಮೂಲಿ ಪ್ಲಗ್ ಅಲ್ಲಿ ಸುತ್ತುತ್ತಲೇ ಇರುತ್ತದೆ. ಜಿಪ್ಸಮ್ ಗೋಡೆಯಲ್ಲಿ ಕಂಬಕ್ಕೇ ಸ್ಕ್ರೂ ಹೊಡೆಯಬೇಕು, ಬರೀ ಬೋರ್ಡಿಗೆ ಹೊಡೆದದ್ದು ನಿಲ್ಲುವುದಿಲ್ಲ. ಸ್ವಿಚ್‌ನ ನೇರ ಮೇಲೆ, ಕೆಳಗೆ, ಅಕ್ಕಪಕ್ಕ ಒಳಗೆ ವೈರ್ ಹೋಗಿರುತ್ತದೆ. ಅಲ್ಲಿ ತೂತು ಬೇಡವೇ ಬೇಡ.

ಮೇಲಕ್ಕೆ ಮಡಚಿದ ಹಲಗೆಗೆ ಗಟ್ಟಿ ಚಿಲಕ ಹಾಕಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ. ಬರೀ ಮ್ಯಾಗ್ನೆಟ್ ನಂಬಬೇಡಿ. ಆರು ಕಿಲೋ ಹಲಗೆ ಎದೆಯ ಎತ್ತರದಿಂದ ಬೀಳುವುದು ಸಣ್ಣ ಪೆಟ್ಟಲ್ಲ. ನಿಧಾನಕ್ಕೆ ಇಳಿಸುವ ಡ್ಯಾಂಪರ್ ತೋಳು ಒಂದನ್ನು ಪಕ್ಕಕ್ಕೆ ಹಾಕಿದರೆ ಇನ್ನೂ ಒಳ್ಳೆಯದು. ಹಲಗೆ ಮತ್ತು ಪೆಟ್ಟಿಗೆಯ ಅಂಚಿನ ನಡುವೆ 2, 3 ಮಿ.ಮೀ. ಸಂದು ಬಿಡಿ, ಮಳೆಗಾಲದಲ್ಲಿ ಮರ ಉಬ್ಬಿದರೂ ಹಿಡಿದುಕೊಳ್ಳುವುದಿಲ್ಲ.

ಎಲ್ಲ ಕೂರಿಸಿದ ಮೇಲೆ ಮೊದಲ ದಿನವೇ ಒರಗಬೇಡಿ. ನೀರು ತುಂಬಿದ ಕೊಡವನ್ನೋ ಬಕೆಟ್ಟನ್ನೋ ಹಲಗೆಯ ಮುಂದಿನ ಅಂಚಿನಲ್ಲಿ ಇಟ್ಟು ಒಂದು ರಾತ್ರಿ ಬಿಡಿ. ಪೆಟ್ಟಿಗೆಯ ಮೇಲಂಚು ಗೋಡೆಗೆ ತಾಗುವ ಕಡೆ ಪೆನ್ಸಿಲ್‌ನಿಂದ ಒಂದು ತೆಳು ಗೆರೆ ಎಳೆದಿಡಿ. ಬೆಳಿಗ್ಗೆ ಆ ಗೆರೆಯ ಪಕ್ಕ ಸಂದು ಕಾಣದಿದ್ದರೆ, ಕೆಳಗೆ ಬಿಳಿ ಪುಡಿ ಇಲ್ಲದಿದ್ದರೆ, ಕುರ್ಚಿ ಎಳೆದುಕೊಂಡು ಕೂರಿ.